ತಿರುಗಾಟಕ್ಕೆ ಹೊರಟ ತಂತ್ರಾಂಶ

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನ ಜೆರಾಕ್ಸ್ ಸಂಶೋಧನಾ ಕೇಂದ್ರ. ಜಾನ್ ಶೋಚ್ ಮತ್ತು ಜಾನ್ ಹಪ್ ಎಂಬ ಇಬ್ಬರು ಸಂಶೋಧಕರು ಒಂದು ರಾತ್ರಿ ಅಲ್ಲಿನ ಕೆಲವೇ ಕಂಪ್ಯೂಟರುಗಳಲ್ಲಿ ಒಂದು ಪುಟ್ಟ ಪ್ರೋಗ್ರಾಮನ್ನು ಓಡಲು ಬಿಟ್ಟು ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಕಟ್ಟಡದ ತುಂಬ ಕಂಪ್ಯೂಟರುಗಳು ಕೆಟ್ಟು ಕೂತಿದ್ದವು. ಒಂದನ್ನು ಎಬ್ಬಿಸಿದರೆ ಗಳಿಗೆ ಹೊತ್ತು ಸರಿಯಾಗಿರುತ್ತಿತ್ತು. ಅಷ್ಟರಲ್ಲಿ ಅದೇ ಪ್ರೋಗ್ರಾಂ ತಂತಿಯ ಮೂಲಕ ಬಂದು ಅದರೊಳಗೆ ಸೇರಿ ಮತ್ತೆ ಕೆಡವುತ್ತಿತ್ತು. ಕೆಲವು ಯಂತ್ರಗಳಿದ್ದ ಕೋಣೆಗಳಿಗೆ ಅವತ್ತು ಬೀಗ ಬೇರೆ. ಪುಣ್ಯಕ್ಕೆ, ಇಂಥ ಫಜೀತಿಗೆಂದೇ ಅವರು 'ಎಲ್ಲರೂ ನಿಲ್ಲಿ' ಎಂದು ಹೇಳುವ ಒಂದು ತುರ್ತು ಪ್ಯಾಕೆಟ್ಟನ್ನು ಮೊದಲೇ ಮಾಡಿಟ್ಟುಕೊಂಡಿದ್ದರು. ಅದನ್ನು ಜಾಲಕ್ಕೆ ಬಿಟ್ಟ ಮೇಲೆ ಹಾವಳಿ ನಿಂತಿತು. ಎಲ್ಲರ ಕಣ್ಣಿಗೂ ಬೀಳುವಂತೆ ಉಳಿದದ್ದು ಸತ್ತುಬಿದ್ದ ನೂರು ಕಂಪ್ಯೂಟರುಗಳು. 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಬ್ಬರೂ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಅವರೇನೂ ಕಿಡಿಗೇಡಿಗಳಾಗಿರಲಿಲ್ಲ. ರಾತ್ರಿ ಹೊತ್ತು ಸುಮ್ಮನೆ ಕೂತಿರುವ ಯಂತ್ರಗಳನ್ನು ಹುಡುಕಿಕೊಂಡು ಹೋಗಿ ಕೆಲಸ ಮಾಡಿಬರುವ ಪ್ರೋಗ್ರಾಂ ಬೇಕು ಎಂಬುದು ಅವರ ಆಸೆ. ಅವರ ಪ್ರಯೋಗಗಳಲ್ಲಿ ಒಂದು, ಕಂಪ್ಯೂಟರುಗಳನ್ನು ಬೆಸೆದಿದ್ದ ಈಥರ್‌ನೆಟ್ ಜಾಲವನ್ನೇ ಪರೀಕ್ಷಿಸುವುದು. ಯಂತ್ರ ಯಂತ್ರಗಳ ನಡುವೆ ಪ್ಯಾಕೆಟ್ಟುಗಳು ಸರಿಯಾಗಿ ಓಡಾಡುತ್ತಿವೆಯೇ, ಯಾವ ಜೋಡಿಯ ನಡುವೆ ತಪ್ಪು ಹೆಚ್ಚು ಎಂಬುದನ್ನು ಹಲವು ಯಂತ್ರಗಳಲ್ಲಿ ಹರಡಿಕೊಂಡ ಒಂದೇ ಪ್ರೋಗ್ರಾಂ ಪತ್ತೆ ಮಾಡುತ್ತಿತ್ತು. ಜಾಲವನ್ನು ಕಾಯಲು ಜಾಲದೊಳಗೇ ತಿರುಗಾಡುವ ತಂತ್ರಾಂಶ ಎಂಬ ಕಲ್ಪನೆ ಅಷ್ಟು ಹಳೆಯದು. ಅದರ ತಾಕತ್ತು, ಅದರ ಅಪಾಯ ಎರಡೂ ಆ ಒಂದೇ ಬೆಳಗಿನಲ್ಲಿ ಬಯಲಾಗಿದ್ದವು.

ಇಷ್ಟಕ್ಕೂ ಜಾಲವನ್ನು ಕಾಯುವುದು ಎಂದರೇನು? ಒಂದು ಬ್ಯಾಂಕೋ ವಿಶ್ವವಿದ್ಯಾಲಯವೋ ರೈಲ್ವೆಯೋ ಇದೆ ಎನ್ನೋಣ. ಅದರ ನೂರಾರು ರೌಟರು, ಸ್ವಿಚ್ಚು, ಸರ್ವರುಗಳು ಊರೂರಲ್ಲಿ ಹರಡಿವೆ. ಯಾವ ಲಿಂಕ್ ಬಿದ್ದಿದೆ, ಯಾವುದು ತುಂಬಿ ತುಳುಕುತ್ತಿದೆ, ಯಾವ ಪೋರ್ಟಿನಲ್ಲಿ ದೋಷ ಹೆಚ್ಚುತ್ತಿದೆ ಎಂಬುದೆಲ್ಲ ಒಂದು ಕೇಂದ್ರದಲ್ಲಿ ಕೂತವರಿಗೆ ಗೊತ್ತಾಗಬೇಕು. ಇದಕ್ಕೆ 1988ರಲ್ಲಿ ರೂಪುಗೊಂಡು 1990ರಲ್ಲಿ ನೆಲೆಗೊಂಡ ಪದ್ಧತಿಯ ಹೆಸರು ಎಸ್‌ಎನ್‌ಎಂಪಿ. ಮೊದಲ 'ಎಸ್' ಎಂದರೆ 'ಸಿಂಪಲ್'. ಪದ್ಧತಿಯೂ ಹಾಗೇ ಸರಳ. ಪ್ರತಿ ಉಪಕರಣದೊಳಗೂ ಕೌಂಟರುಗಳ ಒಂದು ಪಟ್ಟಿ ಇರುತ್ತದೆ. ಕೇಂದ್ರದ ಕಂಪ್ಯೂಟರ್ ಸರದಿಯ ಮೇಲೆ ಒಬ್ಬೊಬ್ಬರನ್ನೇ ಕೇಳುತ್ತದೆ: ನಿನ್ನ ಮೂರನೇ ಪೋರ್ಟಿಗೆ ಎಷ್ಟು ಬೈಟು ಬಂತು? ಉಪಕರಣ ಒಂದು ಅಂಕಿ ಹೇಳಿ ಸುಮ್ಮನಾಗುತ್ತದೆ. ಅಂಕಿಯ ಅರ್ಥ ಅದಕ್ಕೆ ಬೇಕಿಲ್ಲ. ಬುದ್ಧಿಯೆಲ್ಲ ಕೇಂದ್ರದಲ್ಲಿ.

1980ರ ದಶಕದ ರೌಟರುಗಳಿಗೆ ಇದ್ದ ಮೆಮೊರಿ, ಪ್ರೊಸೆಸರುಗಳನ್ನು ನೋಡಿದರೆ ಈ ಏರ್ಪಾಟು ವಿವೇಕದ್ದೇ. ಆದರೆ ಜಾಲ ಬೆಳೆಯಿತು. ಆಗ ಶುರುವಾದ ತಾಪತ್ರಯ ಎಂಥದು ಎಂದು ತಿಳಿಯಲು ಒಂದು ಲೆಕ್ಕ ಸಾಕು. ಬೇಕಿದ್ದರೆ ಕಾಗದದ ಮೇಲೆ ಮಾಡಿ ನೋಡಬಹುದು. ಪೋರ್ಟಿಗೆ ಬಂದ ಬೈಟುಗಳನ್ನು ಎಣಿಸುವ ಹಳೆಯ ಕೌಂಟರ್ 32 ಬಿಟ್ಟಿನದು. ಸುಮಾರು 429 ಕೋಟಿವರೆಗೆ ಎಣಿಸಿ ಅದು ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ತಂತಿ ತುಂಬಿ ಹರಿದರೆ ಕೌಂಟರ್ ಒಂದು ಸುತ್ತು ಹಾಕಲು 57 ನಿಮಿಷ ಬೇಕು. 100 ಮೆಗಾಬಿಟ್ ಆದರೆ ಆರು ನಿಮಿಷವೂ ಬೇಡ. ಒಂದು ಗಿಗಾಬಿಟ್ ತಂತಿಯಲ್ಲಿ 34 ಸೆಕೆಂಡು. 1990ರ ದಶಕದಲ್ಲಿ ಟೋಬಿಯಾಸ್ ಓಟಿಕರ್ ಬರೆದ ಎಂಆರ್‌ಟಿಜಿ ಎಂಬ ಉಚಿತ ತಂತ್ರಾಂಶ ಲೋಕದ ನೆಟ್‌ವರ್ಕ್ ಅಡ್ಮಿನ್‌ಗಳ ಗೋಡೆಯ ಮೇಲೆಲ್ಲ ಹಸಿರು-ನೀಲಿ ಗ್ರಾಫುಗಳನ್ನು ಬಿಡಿಸಿತು. ಅದು ಪ್ರಶ್ನೆ ಕೇಳುತ್ತಿದ್ದದ್ದು ಐದು ನಿಮಿಷಕ್ಕೊಮ್ಮೆ. ಅಷ್ಟರಲ್ಲಿ ತುಂಬಿದ ಗಿಗಾಬಿಟ್ ತಂತಿಯ ಕೌಂಟರ್ ಎಂಟು ಪೂರ್ತಿ ಸುತ್ತು ಮುಗಿಸಿ ಒಂಬತ್ತನೆಯದಕ್ಕೆ ಇಳಿದಿರುತ್ತದೆ. ಕೈಗೆ ಸಿಗುವ ಅಂಕಿಗೆ ಅರ್ಥವೇ ಇಲ್ಲ. 64 ಬಿಟ್ ಕೌಂಟರುಗಳು ಬಂದು ಈ ಒಂದು ಕಾಟವೇನೋ ತಪ್ಪಿತು. ಆದರೆ ಹೆಚ್ಚು ತಿಳಿಯಬೇಕಾದರೆ ಹೆಚ್ಚು ಸಲ ಕೇಳಬೇಕು, ಹೆಚ್ಚು ಸಲ ಕೇಳಿದರೆ ಕಾಯುವ ಕೆಲಸವೇ ತಂತಿಯನ್ನು ತುಂಬುತ್ತದೆ ಎಂಬ ಇಕ್ಕಟ್ಟು ಹಾಗೇ ಉಳಿಯಿತು.

ದೂರ ಇದಕ್ಕಿಂತ ಕೆಟ್ಟದ್ದು. ಉಪಗ್ರಹದ ಮೂಲಕ ಜೋಡಿಸಿದ ಒಂದು ಶಾಖೆಯನ್ನು ಊಹಿಸಿಕೊಳ್ಳಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಹೋಗಿ ಉತ್ತರ ಬರಲು ಹೆಚ್ಚುಕಡಿಮೆ ಅರ್ಧ ಸೆಕೆಂಡು. ಬೆಳಕಿನ ವೇಗವನ್ನು ಚೌಕಾಸಿ ಮಾಡಿ ಇಳಿಸಲು ಬರುವುದಿಲ್ಲ. ಮೊದಲ ಎಸ್‌ಎನ್‌ಎಂಪಿಯಲ್ಲಿ ಒಂದು ಕೋಷ್ಟಕವನ್ನು ಓದುವುದೆಂದರೆ 'ಮುಂದಿನದು ಹೇಳು, ಅದರ ಮುಂದಿನದು ಹೇಳು' ಎಂದು ಸಾಲು ಸಾಲಾಗಿ ಕೇಳುವುದು. ಸಾವಿರ ಸಾಲಿನ ಕೋಷ್ಟಕಕ್ಕೆ 500 ಸೆಕೆಂಡು, ಅಂದರೆ ಎಂಟು ನಿಮಿಷದ ಮೇಲೆ. ಕೊನೆಯ ಸಾಲು ಕೈಗೆ ಬರುವ ಹೊತ್ತಿಗೆ ಮೊದಲ ಸಾಲು ಹಳಸಿರುತ್ತದೆ.

ಹಿಂದೆ ಜಮಾಬಂದಿಗೆ ಅಧಿಕಾರಿಗಳೇ ಕ್ಯಾಂಪ್ ಹೊರಟು ಹಳ್ಳಿಗೆ ಹೋಗುತ್ತಿದ್ದರು. ಶ್ಯಾನುಭೋಗರ ಕಡತಗಳನ್ನೆಲ್ಲ ಗಾಡಿಯಲ್ಲಿ ಹೇರಿ ಕಚೇರಿಗೆ ತರಿಸುವುದಕ್ಕಿಂತ ಅದೇ ಸಲೀಸು. ಲೆಕ್ಕ ಇರುವಲ್ಲೇ ತನಿಖೆ, ವಾಪಸ್ ಬರುವುದು ಒಂದು ವರದಿ ಮಾತ್ರ. ಸಂಚಾರಿ ಏಜೆಂಟ್ ಎಂದು ಕರೆಯುವ ತಂತ್ರಾಂಶದ ತಿರುಳೂ ಇದೇ. ದತ್ತಾಂಶವನ್ನು ಪ್ರೋಗ್ರಾಮಿನ ಹತ್ತಿರ ತರುವ ಬದಲು ಪ್ರೋಗ್ರಾಮೇ ದತ್ತಾಂಶ ಇರುವ ಕಡೆ ಹೋಗುತ್ತದೆ. ಅಲ್ಲೇ ಓದಿ, ಅಲ್ಲೇ ತೀರ್ಮಾನಿಸಿ, ಬೇಕಿದ್ದರೆ ಅಲ್ಲೇ ರಿಪೇರಿ ಮಾಡಿ, ಮುಂದಿನ ಉಪಕರಣಕ್ಕೆ ಹೊರಡುತ್ತದೆ. ನಡುವೆ ಲಿಂಕ್ ಬಿದ್ದರೂ ಚಿಂತೆಯಿಲ್ಲ. ಆಚೆ ದಡದಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದು, ಲಿಂಕ್ ಎದ್ದಾಗ ವರದಿ ತರುತ್ತದೆ.

ನೆಟ್‌ವರ್ಕ್ ನಿರ್ವಹಣೆಗೆ ಈ ದಾರಿ ಹಿಡಿದವರಲ್ಲಿ ಮೊದಲಿಗರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯೆಖಿಯಾಮ್ ಯೆಮಿನಿ, ಹರ್ಮಾನ್ ಗೋಲ್ಡ್‌ಸ್ಮಿತ್ ಮತ್ತು ಸಂಗಡಿಗರು. 1991ರಲ್ಲಿ ಅವರು ಹೇಳಿದ್ದು: ಕೇಂದ್ರವು ಉಪಕರಣಕ್ಕೆ ಪ್ರಶ್ನೆಗಳನ್ನಲ್ಲ, ಚಿಕ್ಕ ಪ್ರೋಗ್ರಾಮನ್ನೇ ಕಳಿಸಲಿ, ಅದು ಅಲ್ಲೇ ಕೂತು ಕಾಯಲಿ. ಅವರ ಪ್ರೋಗ್ರಾಂ ಒಂದೇ ನೆಗೆತ ನೆಗೆದು ಅಲ್ಲೇ ನಿಲ್ಲುವಂಥದು. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರುವ ಪೂರ್ಣ ಪ್ರವಾಸಿಯ ಕನಸು ಹುಟ್ಟಿದ್ದು ಬೇರೆ ಕಡೆ. ಆಪಲ್ ಕಂಪನಿಯಿಂದ ಹೊರಬಂದವರು 1990ರಲ್ಲಿ ಕಟ್ಟಿದ ಜನರಲ್ ಮ್ಯಾಜಿಕ್ ಸಂಸ್ಥೆಯಲ್ಲಿ ಜಿಮ್ ವೈಟ್ 'ಟೆಲಿಸ್ಕ್ರಿಪ್ಟ್' ಎಂಬ ಭಾಷೆ ರೂಪಿಸಿದರು. ಅದರಲ್ಲಿ 'ಗೋ' ಎಂಬ ಒಂದು ಆದೇಶವಿತ್ತು. ಆ ಸಾಲಿಗೆ ಬಂದ ಪ್ರೋಗ್ರಾಂ ತನ್ನ ನೆನಪುಗಳನ್ನೆಲ್ಲ ಕಟ್ಟಿಕೊಂಡು ಹೊರಟು, ಇನ್ನೊಂದು ಯಂತ್ರದಲ್ಲಿ ಸರಿಯಾಗಿ ಅದರ ಮುಂದಿನ ಸಾಲಿನಿಂದ ಎಚ್ಚರಗೊಳ್ಳುತ್ತಿತ್ತು. ಎಷ್ಟು ಕಾಲ ಬದುಕಬಹುದು, ಎಷ್ಟು ಸಂಪನ್ಮೂಲ ಬಳಸಬಹುದು ಎಂಬುದಕ್ಕೆ ಪರವಾನಗಿಯೂ ಜೊತೆಗೇ. ಎಟಿ ಅಂಡ್ ಟಿ ಕಂಪನಿ ಇದರ ಮೇಲೆ 1994ರಲ್ಲಿ ಪರ್ಸನಾಲಿಂಕ್ ಎಂಬ ಸೇವೆ ತೆರೆದು, 1996ರಲ್ಲಿ ಮುಚ್ಚಿತು. ಅಷ್ಟರಲ್ಲಿ ಎಲ್ಲರ ಕಣ್ಣೂ ವೆಬ್ಬಿನ ಮೇಲಿತ್ತು.

ಜಾವಾ ಭಾಷೆ ಬಂದದ್ದೇ ಮಳೆ ಬಂದ ಮೇಲಿನ ಹುಲ್ಲಿನಂತೆ ಏಜೆಂಟ್ ವ್ಯವಸ್ಥೆಗಳು ಎದ್ದವು. ಐಬಿಎಂನ ಟೋಕಿಯೋ ಪ್ರಯೋಗಾಲಯದಿಂದ ಆಗ್ಲೆಟ್ಸ್, ಮಿತ್ಸುಬಿಷಿಯವರ ಕಾಂಕಾರ್ಡಿಯಾ. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನಂದ್ ತ್ರಿಪಾಠಿಯವರ ತಂಡ ಕಟ್ಟಿದ ವ್ಯವಸ್ಥೆಯ ಹೆಸರು ಅಜಂತಾ. ಅದನ್ನು ಜಾಲದ ಮೇಲೆ ಕಣ್ಣಿಡುವ ಕೆಲಸಕ್ಕೂ ಹಚ್ಚಿದ್ದರು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 1998ರಲ್ಲಿ ಬರೆದ ಸಮೀಕ್ಷೆ ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರ ಕೈಪಿಡಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಹಿಂದುಳಿಯಲಿಲ್ಲ. ಅಲ್ಲಿನ ಪ್ರಾಧ್ಯಾಪಕ ಪಲ್ಲಪ ವೆಂಕಟರಾಂ ಮತ್ತು ಸುನಿಲ್‌ಕುಮಾರ್ ಮಾನ್ವಿ ಸಂಪರ್ಕ ಜಾಲಗಳಲ್ಲಿ ಏಜೆಂಟ್ ತಂತ್ರಜ್ಞಾನದ ಬಳಕೆಯನ್ನು ಕುರಿತು 2004ರಲ್ಲಿ ಬರೆದ ವಿಮರ್ಶಾ ಲೇಖನವನ್ನು ಹೊರದೇಶಗಳ ಸಂಶೋಧಕರೂ ಉಲ್ಲೇಖಿಸುತ್ತ ಬಂದಿದ್ದಾರೆ.

ಜಾವಾದ ಒಂದು ಕೊರತೆಯನ್ನು ಇಲ್ಲೇ ಹೇಳಬೇಕು. ಟೆಲಿಸ್ಕ್ರಿಪ್ಟಿನಂತೆ ಕೆಲಸದ ನಟ್ಟನಡುವೆ ಎದ್ದು ಹೊರಟು ಅದೇ ಸಾಲಿನಿಂದ ಮುಂದುವರಿಯಲು ಜಾವಾ ಪ್ರೋಗ್ರಾಮಿಗೆ ಬರುತ್ತಿರಲಿಲ್ಲ. ಆಗ್ಲೆಟ್ ಹೊಸ ಯಂತ್ರ ಸೇರಿದಾಗ 'ಬಂದಿಳಿದೆ, ಈಗೇನು?' ಎಂಬ ಒಂದು ನಿಗದಿತ ಜಾಗದಿಂದಲೇ ಶುರುಮಾಡಬೇಕು. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದನ್ನು ಬರೆದವರೇ ನೆನಪಿಡಬೇಕು. ಇನ್ನೊಂದು ಕೊರತೆ ರೌಟರುಗಳದು. ಅವುಗಳೊಳಗೆ ಜಾವಾ ಓಡಿಸಲು ಜಾಗವೂ ಇರಲಿಲ್ಲ, ತಯಾರಕರಿಗೆ ಬಾಗಿಲು ತೆರೆಯುವ ಮನಸ್ಸೂ ಇರಲಿಲ್ಲ. ಹಾಗಾಗಿ ಎಷ್ಟೋ ಪ್ರಯೋಗಗಳಲ್ಲಿ ಏಜೆಂಟ್ ರೌಟರಿನ ಪಕ್ಕದ ಒಂದು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮತ್ತದೇ ಎಸ್‌ಎನ್‌ಎಂಪಿಯಲ್ಲಿ ಮತ್ತದೇ ಪ್ರಶ್ನೆ ಕೇಳುತ್ತಿತ್ತು. ಇಷ್ಟು ದೂರ ಹೋಗಿ ಬಾಗಿಲ ಹೊರಗೇ ನಿಂತಂತೆ ಆಯಿತು.

ಪ್ರವಾಸ ಲಾಭವೋ ನಷ್ಟವೋ ಎಂಬುದನ್ನು ಅಳೆದು ನೋಡಿದವರು ಇಟಲಿಯ ಮಾರಿಯೋ ಬಾಲ್ಡಿ ಮತ್ತು ಜಾನ್ ಪಿಯೆತ್ರೊ ಪಿಕ್ಕೊ. ಅವರು ಬರೆದ ಸೂತ್ರಗಳನ್ನು ಬಿಟ್ಟು, ಅವುಗಳ ಹಿಂದಿನ ತರ್ಕವನ್ನು ಸಣ್ಣ ಅಂಕಿಗಳಲ್ಲಿ ನೋಡೋಣ. ಏಜೆಂಟಿನ ಸ್ವಂತ ತೂಕ 10 ಕಿಲೋಬೈಟ್ ಎನ್ನಿ. ಅದು 20 ಉಪಕರಣಗಳಿಗೆ ಹೋಗಿ ಒಂದೊಂದರಿಂದಲೂ 5 ಕಿಲೋಬೈಟ್ ಮಾಹಿತಿ ಎತ್ತಿಕೊಳ್ಳಬೇಕು. ಕೇಂದ್ರದಿಂದ ಹೊರಟು ಮತ್ತೆ ಕೇಂದ್ರಕ್ಕೆ ಬರುವಷ್ಟರಲ್ಲಿ 21 ನೆಗೆತ. ತನ್ನ ತೂಕವನ್ನು ಹೊತ್ತದ್ದೇ 210 ಕಿಲೋಬೈಟ್ ಆಯಿತು. ಮೊದಲ ಉಪಕರಣದಲ್ಲಿ ಎತ್ತಿಕೊಂಡ ಹೊರೆಯನ್ನು ಉಳಿದ ದಾರಿಯುದ್ದಕ್ಕೂ ಹೊರಬೇಕು, ಎರಡನೆಯದನ್ನೂ ಹಾಗೇ. ಕೂಡಿದರೆ ಆ ಹೊರೆ 1,050 ಕಿಲೋಬೈಟ್. ಒಟ್ಟು 1,260. ಇಷ್ಟನ್ನೇ ಕೇಂದ್ರದಲ್ಲಿ ಕೂತು ಕೇಳಿದ್ದರೆ ಉತ್ತರಗಳು ಬರೀ 100 ಕಿಲೋಬೈಟಿನಲ್ಲಿ ಮುಗಿಯುತ್ತಿದ್ದವು.

ಅಂದರೆ ಈ ಕಲ್ಪನೆ ಶುದ್ಧ ದಂಡವೇ? ಅಲ್ಲ. ಅದೇ 20 ಉಪಕರಣಗಳಲ್ಲಿ ತಲಾ 500 ಕಿಲೋಬೈಟಿನ ದಾಖಲೆ ಇದೆ, ಬೇಕಾದದ್ದು ಅದರೊಳಗಿನ ಒಂದೆರಡು ಸಾಲು ಮಾತ್ರ ಎಂದಾದರೆ ಲೆಕ್ಕ ತಲೆಕೆಳಗಾಗುತ್ತದೆ. ಎಲ್ಲವನ್ನೂ ಕೇಂದ್ರಕ್ಕೆ ತರಿಸಿದರೆ 10,000 ಕಿಲೋಬೈಟ್; ಏಜೆಂಟ್ ಹೋದರೆ 210ರ ಮೇಲೆ ಚೂರುಪಾರು. ಕೇಂದ್ರಕ್ಕೂ ಶಾಖೆಗೂ ನಡುವಿನ ಲಿಂಕ್ ದುಬಾರಿಯಾಗಿದ್ದು ಶಾಖೆಯೊಳಗಿನ ತಂತಿ ಪುಕ್ಕಟೆಯಾಗಿದ್ದರೆ ಲಾಭ ಇನ್ನೂ ಹೆಚ್ಚು, ಏಕೆಂದರೆ ಏಜೆಂಟ್ ಆ ದುಬಾರಿ ದಾರಿಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮಾತ್ರ ದಾಟುತ್ತದೆ. ಸಂಗ್ರಹಿಸುವ ಏಜೆಂಟ್ ದಂಡ, ಜರಡಿ ಹಿಡಿಯುವ ಏಜೆಂಟ್ ಲಾಭ. ಆ ಕಾಲದ ಉತ್ಸಾಹದ ಲೇಖನಗಳು ಬಹುಪಾಲು ಎರಡನೆಯ ಬಗೆಯ ಉದಾಹರಣೆಯನ್ನೇ ಆರಿಸಿಕೊಂಡವು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಇರುವೆಗಳ ಕಥೆ ಸಂಚಾರಿ ಏಜೆಂಟುಗಳ ಕಥೆಯದೇ ಒಂದು ಕವಲು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿ ರೂಡ್ ಸ್ಕೋನ್‌ಡರ್‌ವೂರ್ಡ್ ಮತ್ತು ಜೊತೆಗಾರರು 1996ರಲ್ಲಿ ಬ್ರಿಟಿಷ್ ಟೆಲಿಕಾಮಿನ ಜಾಲದ ಮಾದರಿಯಲ್ಲಿ 30 ಕೇಂದ್ರಗಳ ಒಂದು ಕೃತಕ ದೂರವಾಣಿ ಜಾಲ ಮಾಡಿ, ಅದರೊಳಗೆ ಪುಟ್ಟ ಪುಟ್ಟ ಏಜೆಂಟುಗಳನ್ನು ಬಿಟ್ಟರು. ಇರುವೆ ತಾನು ನಡೆದ ದಾರಿಯಲ್ಲಿ ವಾಸನೆ ಬಿಡುವಂತೆ ಇವು ಹೋದಲ್ಲೆಲ್ಲ ಮಾರ್ಗಸೂಚಿ ಕೋಷ್ಟಕದ ಅಂಕಿಗಳನ್ನು ತುಸು ತಿದ್ದುತ್ತಿದ್ದವು. ದಟ್ಟಣೆಯಿರುವ ಕೇಂದ್ರದಲ್ಲಿ ಅವನ್ನು ಬೇಕೆಂದೇ ತಡೆದು ನಿಲ್ಲಿಸುತ್ತಿದ್ದರು. ತಡವಾಗಿ ಬಂದ ಇರುವೆಯ ಮಾತಿಗೆ ಬೆಲೆ ಕಡಿಮೆ. ಹೀಗೆ ಯಾರ ಅಪ್ಪಣೆಯೂ ಇಲ್ಲದೆ ಕರೆಗಳು ಖಾಲಿ ದಾರಿಗೆ ಹೊರಳಿಕೊಂಡವು. 1998ರಲ್ಲಿ ಬ್ರಸೆಲ್ಸ್‌ನ ಜಾನ್ನಿ ದಿ ಕಾರೊ ಮತ್ತು ಮಾರ್ಕೊ ದೊರಿಗೊ ಆಂಟ್‌ನೆಟ್ ಎಂಬ ಹೆಸರಿನಲ್ಲಿ ಇದನ್ನೇ ಪ್ಯಾಕೆಟ್ ಜಾಲಗಳಿಗೆ ಒಗ್ಗಿಸಿದರು. ಮುಂದೆ ಹೋಗುವ ಇರುವೆ ಮಾಮೂಲಿ ಪ್ಯಾಕೆಟ್ಟುಗಳ ಸರದಿಯಲ್ಲೇ ನಿಂತು ಎಲ್ಲಿ ಎಷ್ಟು ತಡವಾಯಿತು ಎಂದು ಗುರುತಿಟ್ಟುಕೊಳ್ಳುತ್ತದೆ. ಹಿಂದೆ ಬರುವ ಇರುವೆ ಅದೇ ದಾರಿಯಲ್ಲಿ ಸರದಿ ತಪ್ಪಿಸಿ ಓಡಿಬಂದು ಕೋಷ್ಟಕ ತಿದ್ದುತ್ತದೆ. ಗಣಕದೊಳಗಿನ ಪರೀಕ್ಷೆಗಳಲ್ಲಿ ಫಲಿತಾಂಶ ಸೊಗಸಾಗಿತ್ತು. ನಿಜವಾದ ಇಂಟರ್‌ನೆಟ್ಟಿನ ರೌಟರುಗಳು ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಡುರಾತ್ರಿ ಫೋನ್ ಬಂದಾಗ 'ಪ್ಯಾಕೆಟ್ ಈ ದಾರಿ ಏಕೆ ಹಿಡಿಯಿತು' ಎಂದು ವಿವರಿಸಬೇಕಾದ ಎಂಜಿನಿಯರಿಗೆ 'ಇರುವೆಗಳು ಹಾಗೆ ಮಾಡಿದವು' ಎಂಬ ಉತ್ತರ ಸಾಲದು.

ಇನ್ನು ನಂಬಿಕೆಯ ಪ್ರಶ್ನೆ. ಈ ಕಲ್ಪನೆಯ ಕಾಲಿಗೆ ತೊಡರಿದ್ದು ಮುಖ್ಯವಾಗಿ ಇದೇ. 1988ರ ನವೆಂಬರ್ 2ರಂದು ಕಾರ್ನೆಲ್ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಪ್ರೋಗ್ರಾಂ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಕಂಗೆಡಿಸಿತ್ತು. ಯಂತ್ರದಲ್ಲಿ ತನ್ನ ಪ್ರತಿ ಆಗಲೇ ಇದ್ದರೂ ಏಳರಲ್ಲಿ ಒಂದು ಸಲ ಮತ್ತೆ ಸೇರಿಕೋ ಎಂದು ಅವನು ಬರೆದಿದ್ದ ಒಂದು ನಿಯಮ ಅದನ್ನು ಹದ್ದು ಮೀರಿಸಿತು. ಮುಂದಿನ ದಶಕದಲ್ಲಿ ಯಾರೋ ಬಂದು 'ನಮ್ಮ ಪ್ರೋಗ್ರಾಂ ನಿಮ್ಮ ಯಂತ್ರಕ್ಕೆ ಬಂದು ಸ್ವಲ್ಪ ಹೊತ್ತು ಓಡುತ್ತದೆ, ಆಮೇಲೆ ಹೊರಟುಹೋಗುತ್ತದೆ' ಎಂದಾಗ ಹುಬ್ಬು ಗಂಟಿಕ್ಕದ ಅಡ್ಮಿನ್ ಇದ್ದಾನೆಯೇ?

ಸದುದ್ದೇಶವೂ ಇಲ್ಲಿ ಕೈಹಿಡಿಯಲಿಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ, ತಾನೇ ಹರಡುವ ವರ್ಮ್ ವಿಂಡೋಸ್ ಯಂತ್ರಗಳನ್ನು ಹಿಡಿದುಕೊಂಡಾಗ ಒಂದೇ ವಾರದಲ್ಲಿ ಅದರ ಬೆನ್ನಟ್ಟಿ ಇನ್ನೊಂದು ಬಂತು. ವೆಲ್ಚಿಯಾ ಎಂದು ಅದರ ಹೆಸರು, ನಾಚಿ ಎಂದೂ ಕರೆಯುತ್ತಾರೆ. ಬ್ಲಾಸ್ಟರ್ ಬಳಸಿದ ಅದೇ ಕಿಂಡಿಯಿಂದ ಅದು ಒಳನುಗ್ಗಿ, ಬ್ಲಾಸ್ಟರನ್ನು ಅಳಿಸಿ, ಮೈಕ್ರೋಸಾಫ್ಟಿನಿಂದ ಪ್ಯಾಚ್ ಇಳಿಸಿ ಕಿಂಡಿ ಮುಚ್ಚಿ, ಯಂತ್ರವನ್ನು ಮತ್ತೆ ಚಾಲೂ ಮಾಡುತ್ತಿತ್ತು. 2004 ಬಂದ ಕೂಡಲೇ ತನ್ನನ್ನು ತಾನೇ ಅಳಿಸಿಕೊಳ್ಳುವ ವ್ಯವಸ್ಥೆಯೂ ಇತ್ತು. ಸಂಚಾರಿ ನಿರ್ವಾಹಕನ ಕೆಲಸಪಟ್ಟಿ ಇದಲ್ಲದೆ ಇನ್ನೇನು! ಆದರೆ ಜೀವಂತ ಯಂತ್ರಗಳನ್ನು ಹುಡುಕಲು ಅದು ಸುರಿಸಿದ ಪಿಂಗ್‌ಗಳ ಜಡಿಮಳೆಗೆ ಜಾಲಗಳೇ ಉಸಿರುಕಟ್ಟಿದವು. ಏರ್ ಕೆನಡಾದ ಚೆಕ್-ಇನ್ ಕೌಂಟರುಗಳಲ್ಲಿ ಪ್ರಯಾಣಿಕರು ಕಾಯಬೇಕಾಯಿತು; ಅಮೆರಿಕದ ನೌಕಾಪಡೆಯ ಆಂತರಿಕ ಜಾಲವೂ ತತ್ತರಿಸಿತು.

ಹೊಸಬ ಬಂದು ಮನೆಯನ್ನು ಕೆಡಿಸಬಹುದು ಎಂಬುದು ಒಂದು ಭಯ. ಅದಕ್ಕೆ ಸಹಿ, ಪರವಾನಗಿ, ಕಟ್ಟುಪಾಡುಗಳೆಂಬ ಮದ್ದುಗಳಿವೆ. ಮನೆಯೇ ಬಂದವನನ್ನು ದೋಚಬಹುದು ಎಂಬ ಇನ್ನೊಂದು ಭಯಕ್ಕೆ ಮದ್ದು ಸಿಗಲಿಲ್ಲ. ಏಜೆಂಟನ್ನು ಓಡಿಸುವ ಯಂತ್ರಕ್ಕೆ ಅದರ ಪ್ರತಿ ಬೈಟೂ ಕಾಣುತ್ತದೆ. 20 ರೌಟರುಗಳ ಪಾಸ್‌ವರ್ಡ್ ಹೊತ್ತು ತಿರುಗುವ ಏಜೆಂಟ್, ಅವುಗಳ ಪೈಕಿ ಕೆಟ್ಟವರ ಕೈಸೇರಿದ ಒಂದೇ ಒಂದಕ್ಕೆ ಹೋದರೂ ಇಪ್ಪತ್ತರ ಗುಟ್ಟೂ ರಟ್ಟು. ಥಾಮಸ್ ಸ್ಯಾಂಡರ್ ಮತ್ತು ಕ್ರಿಶ್ಚಿಯನ್ ಟ್ಶುಡಿನ್ 1998ರಲ್ಲಿ ಒಂದು ಜಾಣ ದಾರಿ ಸೂಚಿಸಿದರು: ಗೂಢಲಿಪಿಯಲ್ಲಿದ್ದ ಹಾಗೆಯೇ ಲೆಕ್ಕ ಮಾಡುವ ಪ್ರೋಗ್ರಾಂ, ಓಡಿಸುವ ಯಂತ್ರಕ್ಕೇ ತಾನೇನು ಓಡಿಸುತ್ತಿದ್ದೇನೆಂದು ತಿಳಿಯದು. ಎಂಥ ಲೆಕ್ಕವನ್ನಾದರೂ ಗೂಢಲಿಪಿಯೊಳಗೇ ಮಾಡಬಲ್ಲ ಮೊದಲ ವಿಧಾನವನ್ನು ಕ್ರೇಗ್ ಜೆಂಟ್ರಿ ತೋರಿಸಿದ್ದು 2009ರಲ್ಲಿ. ಅದು ಎಷ್ಟು ನಿಧಾನವೆಂದರೆ, ರೌಟರ್ ಕಾಯುವ ಕೆಲಸಕ್ಕೆ ಅದರ ಮಾತೆತ್ತುವಂತೆಯೂ ಇರಲಿಲ್ಲ.

ಆಗ್ಲೆಟ್ಸ್ ಕಟ್ಟಿದ ಡ್ಯಾನಿ ಲ್ಯಾಂಗೆ ಮತ್ತು ಮಿತ್ಸುರು ಓಶಿಮಾ 1999ರಲ್ಲಿ ಸಂಚಾರಿ ಏಜೆಂಟುಗಳಿಗೆ ಏಳು ಒಳ್ಳೆಯ ಕಾರಣಗಳನ್ನು ಕೊಟ್ಟು ಒಂದು ಲೇಖನ ಬರೆದಿದ್ದರು. ಐದು ವರ್ಷದ ನಂತರ, ಇದೇ ವಿಷಯದಲ್ಲಿ ವರ್ಷಗಟ್ಟಲೆ ದುಡಿದಿದ್ದ ಜೊವಾನ್ನಿ ವಿನ್ಯಾ ಅವು ಸೋತದ್ದಕ್ಕೆ ಹತ್ತು ಕಾರಣ ಪಟ್ಟಿಮಾಡಿದರು. ಏಳಕ್ಕೆ ಹತ್ತು, ಆಟ ಮುಗಿದಂತೆಯೇ ಕಂಡಿತು.

ಆದರೆ ಸೋತದ್ದು ಊರೂರು ಅಲೆಯುವ ಭಾಗ ಮಾತ್ರ. ಕೊಲಂಬಿಯಾದವರು 1991ರಲ್ಲಿ ಹೇಳಿದ ಒಂದೇ ನೆಗೆತದ ಪ್ರೋಗ್ರಾಂ ಎಲ್ಲೂ ಹೋಗಲಿಲ್ಲ. ನೆಟ್‌ವರ್ಕ್ ನಿರ್ವಹಣೆಯಲ್ಲಿ ಬರುವವನಿಗೂ ಬರಮಾಡಿಕೊಳ್ಳುವವನಿಗೂ ಯಜಮಾನ ಒಬ್ಬನೇ. ಅಪರಿಚಿತರನ್ನು ನಂಬುವ ಪ್ರಶ್ನೆಯೇ ಅಲ್ಲಿಲ್ಲ. ಇಂಟರ್‌ನೆಟ್ಟಿನ ಮಾನಕಗಳನ್ನು ರೂಪಿಸುವ ಐಇಟಿಎಫ್ 1999ರಲ್ಲೇ ಉಪಕರಣಗಳಿಗೆ ಸ್ಕ್ರಿಪ್ಟ್ ಕಳಿಸಿ ಓಡಿಸುವ ವಿಧಾನವೊಂದನ್ನು ಪ್ರಕಟಿಸಿತ್ತು; ಅದು ಹೆಚ್ಚು ಬಳಕೆಗೆ ಬರಲಿಲ್ಲ. 2012ರಲ್ಲಿ ಮೈಕೆಲ್ ಡಿಹಾನ್ ಬರೆದ ಆನ್ಸಿಬಲ್ ಮಾತ್ರ ಮನೆಮಾತಾಯಿತು. ಬೆಂಗಳೂರಿನ ಐಟಿ ಕಂಪನಿಗಳ ರಾತ್ರಿ ಪಾಳಿಯಲ್ಲಿ ಅದನ್ನು ಬಳಸುವ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಅದು ಸರ್ವರಿಗೆ ಗೂಢಲಿಪಿಯ ದಾರಿಯಲ್ಲಿ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಕಳಿಸುತ್ತದೆ; ಅಲ್ಲಿ ಕೆಲಸ ಮಾಡಿಸಿ, ಫಲಿತಾಂಶ ತರಿಸಿಕೊಂಡು, ಕಳಿಸಿದ್ದನ್ನು ಅಳಿಸುತ್ತದೆ.

ಇದಕ್ಕಿಂತ ಆಳಕ್ಕೆ ಹೋದದ್ದು ಇಬಿಪಿಎಫ್. ಇದರ ಬೇರು ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿದೆ. ಬರುವ ಪ್ಯಾಕೆಟ್ಟುಗಳನ್ನೆಲ್ಲ ಪ್ರೋಗ್ರಾಮಿಗೆ ನಕಲು ಮಾಡಿ ಕೊಟ್ಟು ಆಮೇಲೆ ಬೇಡದ್ದನ್ನು ಎಸೆಯುವುದು ದಂಡವೆಂದು ಕಂಡ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ 1990ರ ದಶಕದ ಆರಂಭದಲ್ಲಿ, ಜರಡಿಯನ್ನೇ ಆಪರೇಟಿಂಗ್ ಸಿಸ್ಟಮಿನ ಒಳಮನೆಗೆ ಕಳಿಸುವ ಒಂದು ವಿಧಾನ ರೂಪಿಸಿದರು. 2014ರಲ್ಲಿ ಲಿನಕ್ಸ್ ಅದರ ವಿಸ್ತೃತ ರೂಪವನ್ನು ಸೇರಿಸಿಕೊಂಡಿತು. ಇವತ್ತು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಯಾವ ಪ್ಯಾಕೆಟ್ ಎಲ್ಲಿ ತಡೆಯಿತು, ಯಾವುದು ಏಕೆ ಬಿತ್ತು ಎಂಬುದನ್ನು ಅಳೆಯಲು ಇಂಥ ಪುಟ್ಟ ಪ್ರೋಗ್ರಾಮುಗಳನ್ನು, ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ, ಒಳಗೆ ಇಳಿಸುತ್ತಾರೆ.

ಹಾಗೆ ಇಳಿಯುವ ಮುನ್ನ ಅದಕ್ಕೊಂದು ಕಟ್ಟುನಿಟ್ಟಿನ ತಪಾಸಣೆ ಇದೆ. ವೆರಿಫೈಯರ್ ಎಂಬ ಭಾಗ ಪ್ರೋಗ್ರಾಂ ಹಿಡಿಯಬಹುದಾದ ದಾರಿಗಳನ್ನೆಲ್ಲ ಮೊದಲೇ ನಡೆದು ನೋಡುತ್ತದೆ. ತನ್ನದಲ್ಲದ ಮೆಮೊರಿ ಮುಟ್ಟುವ ಸಾಧ್ಯತೆ ಕಂಡರೆ ಸೇರಿಸುವುದಿಲ್ಲ. ಪ್ರೋಗ್ರಾಂ ಖಂಡಿತ ಮುಗಿಯುತ್ತದೆ ಎಂದು ಸಾಬೀತಾಗದಿದ್ದರೂ ಸೇರಿಸುವುದಿಲ್ಲ. ಆರಂಭದ ವರ್ಷಗಳಲ್ಲಿ ಒಂದು ಪ್ರೋಗ್ರಾಮಿಗೆ 4,096 ಆದೇಶಗಳ ಮಿತಿ ಇತ್ತು, ಹಿಂದಕ್ಕೆ ಸುತ್ತುವ ಲೂಪ್ ಬರೆಯುವಂತೆಯೇ ಇರಲಿಲ್ಲ. ಎಷ್ಟು ಸುತ್ತು ಎಂದು ಮೊದಲೇ ಗೊತ್ತಾಗುವ ಲೂಪುಗಳಿಗೆ ಅನುಮತಿ ಸಿಕ್ಕಿದ್ದು 2019ರಲ್ಲಿ. ಇಷ್ಟೆಲ್ಲ ಪರೀಕ್ಷೆ ಪಾಸಾದರೂ ಸಾಮಾನ್ಯ ಬಳಕೆದಾರರು ಕಳಿಸಿದ ಪ್ರೋಗ್ರಾಮನ್ನು ಉಬುಂಟುವಿನಂಥ ಹಲವು ಲಿನಕ್ಸ್ ವಿತರಣೆಗಳು ಈಗ ಒಳಗೆ ಬಿಡುವುದಿಲ್ಲ. ಕಳಿಸುವವರ ಬಳಿ ಯಂತ್ರದ ಯಜಮಾನಿಕೆಯ ಅಧಿಕಾರವೇ ಇರಬೇಕು.